ಹೋಂಸ್ಟೇ: ಆಪ್‌ನಲ್ಲಿ ಹೆಸರು ಹಾಕಿದರೆ ಸಾಕೇ?



ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಮನೆಯ ಒಂದೆರಡು ಕೋಣೆಗಳನ್ನು ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುವುದು ಹಲವು ಮನೆಗಳಿಗೆ ಆದಾಯದ ದಾರಿಯಾಗಿದೆ. ಸಂಘದಿಂದ ಸಾಲ ತೆಗೆದು ಬಾತ್‌ರೂಂ ಕಟ್ಟಿಸಿ, ಮಗನ ಮೊಬೈಲಿನಿಂದ ಏರ್‌ಬಿಎನ್‌ಬಿಯಂಥ ಆಪ್‌ನಲ್ಲಿ ಫೋಟೋ ಹಾಕಿದರೆ ಅತಿಥಿಗಳು ಹುಡುಕಿಕೊಂಡು ಬರ್ತಾರೆ. "ಆಪ್‌ನವರೇ ಒಪ್ಪಿದ್ದಾರಲ್ಲ, ಮತ್ತೆ ಯಾವ ಲೈಸೆನ್ಸು?" ಅಂತ ಕೇಳುವವರಿದ್ದಾರೆ.

ಆಪ್ ಎಂದರೆ ಗಿರಾಕಿಯನ್ನು ತೋರಿಸಿ ಕಮಿಷನ್ ತೆಗೆದುಕೊಳ್ಳುವ ಮಧ್ಯವರ್ತಿ, ಅಷ್ಟೆ. ಸ್ಥಳೀಯ ಕಾನೂನು ಪಾಲಿಸುವುದು ಮನೆಯವರ ಜವಾಬ್ದಾರಿ ಎಂದು ಅದರ ಷರತ್ತುಗಳಲ್ಲೇ ಇರುತ್ತದೆ. ನಾವು ಓದದೆ ಒಪ್ಪಿಗೆ ಒತ್ತಿರುತ್ತೇವೆ! ನಾಳೆ ನೋಟಿಸ್ ಬಂದು ಕೋಣೆಗೆ ಬೀಗ ಬಿದ್ದರೂ ಸಾಲದ ಕಂತು ನಿಲ್ಲುವುದಿಲ್ಲ.

ಅನುಮತಿ ಕೊಡುವುದು ಸರ್ಕಾರ. ನಮ್ಮ ರಾಜ್ಯದಲ್ಲಿ ಹೋಂಸ್ಟೇಯನ್ನು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಬೇಕು. ಅರ್ಜಿಗೆ ಏನೇನು ಕಾಗದ ಬೇಕೆಂದು ಜಿಲ್ಲಾ ಕಚೇರಿಯಲ್ಲೇ ಕೇಳಿ ಪಟ್ಟಿ ಬರೆದುಕೊಳ್ಳಿ. ಪೊಲೀಸರ ನಿರಾಕ್ಷೇಪಣಾ ಪತ್ರಕ್ಕೆ ದಿನ ಹಿಡಿಯಬಹುದು, ಆದ್ದರಿಂದ ಸಾಲದ ಹಣ ಖರ್ಚು ಮಾಡುವ ಮೊದಲೇ ಓಡಾಟ ಶುರು ಮಾಡುವುದು ಒಳ್ಳೇದು. ಹೋಂಸ್ಟೇ ಅಂದರೆ ಮನೆಯವರು ವಾಸವಿರುವ ಮನೆ. ಬೇರೆ ಊರಲ್ಲಿದ್ದುಕೊಂಡು ಖಾಲಿ ಬಂಗಲೆಯ ಬೀಗದ ಕೈ ಕೊಡುವುದು ಹೋಂಸ್ಟೇ ಅಲ್ಲ. ಊಟ ಬಡಿಸಿ ಹಣ ಪಡೆಯುವುದಾದರೆ ಆಹಾರ ಸುರಕ್ಷತಾ ನೋಂದಣಿಯನ್ನೂ ವಿಚಾರಿಸಿ.

ಎಲ್ಲ ಕಡೆ ಭಾರ ಮನೆಯವರ ಮೇಲೇ ಅಂತಿಲ್ಲ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಬಾಡಿಗೆ ಮನೆಗಳ ಕೊರತೆ ವಿಪರೀತ. ಅಲ್ಲಿ 2023ರ ಸೆಪ್ಟೆಂಬರ್‌ನಿಂದ, ನೋಂದಣಿ ಬೇಕಾದ ಮನೆಗೆ ನೋಂದಣಿ ಇಲ್ಲದಿದ್ದರೆ ಆಪ್‌ನವರೇ ಬುಕಿಂಗ್ ಹಣ ಪಡೆಯುವಂತಿಲ್ಲ. 30 ದಿನಕ್ಕಿಂತ ಕಡಿಮೆ ಬಾಡಿಗೆಯಾದರೆ ಮನೆಯವರೂ ಜೊತೆಗಿರಬೇಕು, ಅತಿಥಿಗಳು ಇಬ್ಬರಿಗಿಂತ ಹೆಚ್ಚಿರಬಾರದು. ನಮ್ಮಲ್ಲೂ ಆಪ್‌ನವರನ್ನು ಹೀಗೆ ಕಟ್ಟಿಹಾಕಿದರೆ ಒಳ್ಳೇದಿತ್ತು.

ಬಂದವರೆಲ್ಲರ ಗುರುತಿನ ಚೀಟಿ ನೋಡಿ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳಿ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನ್‌ನಲ್ಲಿ ವಿವರ ಕಳಿಸಲೇಬೇಕು. ಒಂದೇ ರಾತ್ರಿ ಇದ್ದು ಹೋಗ್ತಾರೆ ಅಂತ ಬಿಡಬೇಡಿ, ತಪ್ಪಿದರೆ ಶಿಕ್ಷೆ ಮನೆಯವರಿಗೆ.

ಇನ್ನು ತೆರಿಗೆ. "ಜಿಎಸ್‌ಟಿ ನಂಬರ್ ಇಲ್ಲದೆ ಆಗೋದೇ ಇಲ್ಲ" ಅಂತ ಹೆದರಿಸಿ ದುಡ್ಡು ಕೇಳುವ ಏಜೆಂಟರಿದ್ದಾರೆ. ನಿಮ್ಮ ವರ್ಷದ ಒಟ್ಟು ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆಪ್ ಮೂಲಕ ಬಂದ ಬುಕಿಂಗಿನ ಜಿಎಸ್‌ಟಿಯನ್ನು ಆಗ ಆಪ್‌ನವರೇ ಕಟ್ಟಬೇಕು. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 5. ಬಿಲ್ಲಿನಲ್ಲಿ ಈ ಹಣ ಬೇರೆಯಾಗಿ ತೋರಿಸಿದ್ದಾರೆಯೇ, ನಿಮ್ಮ ಪಾಲಿನಿಂದ ಮುರಿದುಕೊಂಡಿದ್ದಾರೆಯೇ ಅಂತ ಒಮ್ಮೆ ನೋಡಿ.