ಬೇರಿಯಂ ಪರೀಕ್ಷೆಯ ನಂತರ ನೀರು ಮರೆಯಬೇಡಿ

ತುತ್ತು ನುಂಗಿದರೆ ಎದೆಯಲ್ಲೇ ನಿಂತಂತಾಗುತ್ತದೆ, ಹೊಟ್ಟೆನೋವು ಬಿಡುವುದಿಲ್ಲ. ಇಂತಹ ದೂರು ಹೊತ್ತು ನಾಲವಾರ, ವಾಡಿ, ಚಿತ್ತಾಪುರದ ಕಡೆಯವರು ಕಲಬುರಗಿಯ ದೊಡ್ಡ ಆಸ್ಪತ್ರೆಗಳಿಗೆ ಹೋದಾಗ ಡಾಕ್ಟರರು ಕೆಲವೊಮ್ಮೆ ಬೇರಿಯಂ ಎಕ್ಸ್‌ರೇ ಬರೆದುಕೊಡುತ್ತಾರೆ. ಸುಣ್ಣದ ತಿಳಿಯಂತಹ ಬಿಳಿ ದ್ರವವನ್ನು ಕುಡಿಸಿ, ಇಲ್ಲವೇ ಗುದದ್ವಾರದಿಂದ ಏರಿಸಿ ಚಿತ್ರ ತೆಗೆಯುತ್ತಾರೆ. ಎಂಡೋಸ್ಕೋಪಿ, ಸಿಟಿ ಸ್ಕ್ಯಾನ್ ಬಂದ ಮೇಲೆ ಈ ಪರೀಕ್ಷೆ ಕಡಿಮೆಯಾಗಿದೆ, ನಿಂತಿಲ್ಲ.

ಆ ದ್ರವದಲ್ಲಿರುವುದು ಬೇರಿಯಂ ಸಲ್ಫೇಟ್. ಅದು ನೀರಿನಲ್ಲಿ ಕರಗುವುದಿಲ್ಲ, ರಕ್ತಕ್ಕೂ ಸೇರುವುದಿಲ್ಲ. ಹಾಗಾಗಿ ವಿಷವಾಗದು, ಆದರೆ ಕುಡಿದಷ್ಟೂ ಮಲದ ಜೊತೆಯೇ ಹೊರಬರಬೇಕು. ಒಂದೆರಡು ದಿನ ಮಲ ಬಿಳಿಯಾಗಿದ್ದರೆ ಗಾಬರಿ ಬೇಡ, ಅದು ಒಳ್ಳೆಯ ಲಕ್ಷಣ.

ಹೊರಬರದಿದ್ದರೆ? ದೊಡ್ಡ ಕರುಳು ಮಲದಲ್ಲಿನ ನೀರನ್ನು ಹೀರುತ್ತಲೇ ಇರುತ್ತದೆ. ಅಲ್ಲಿ ತಂಗಿದ ಬೇರಿಯಂ ಒಣಗಿ ಗಟ್ಟಿಯಾಗುತ್ತದೆ. ಅಪರೂಪಕ್ಕೆ ಕಲ್ಲಿನಂತಾಗಿ ಕರುಳಿನ ದಾರಿಯನ್ನೇ ಮುಚ್ಚುತ್ತದೆ. ವಯಸ್ಸಾದವರು, ಮೊದಲೇ ಮಲಬದ್ಧತೆ ಇರುವವರು, ಕಬ್ಬಿಣದ ಮಾತ್ರೆ ನುಂಗುವವರು ಹೆಚ್ಚು ಎಚ್ಚರದಿಂದಿರಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಶಹಾಬಾದ್‌ನ ಫರಸಿ ಗಣಿಗಳಲ್ಲಿ ಬೆವರು ಸುರಿಸಿ ದುಡಿಯುವವರ ದೇಹದಲ್ಲಿ ನೀರು ಮೊದಲೇ ಕಡಿಮೆ. ಪರೀಕ್ಷೆಯ ದಿನದಿಂದ ಎರಡು ಮೂರು ದಿನ ನೀರು, ಮಜ್ಜಿಗೆ, ಗಂಜಿ ಧಾರಾಳವಾಗಿ ಕುಡಿಯಿರಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದವರು ಎಷ್ಟು ಕುಡಿಯಬೇಕೆಂದು ಡಾಕ್ಟರರನ್ನೇ ಕೇಳಿ. ಭೇದಿ ಮಾತ್ರೆ ಬರೆದುಕೊಟ್ಟಿದ್ದರೆ ತಪ್ಪದೆ ತೆಗೆದುಕೊಳ್ಳಿ.

ರಮಝಾನ್‌ನಲ್ಲಿ ಪರೀಕ್ಷೆ ಬಂದರೆ, ತುರ್ತಿಲ್ಲದಿದ್ದಲ್ಲಿ ಈದ್ ನಂತರ ಮಾಡಿಸಬಹುದೇ ಎಂದು ವಿಚಾರಿಸಿ. ತುರ್ತಿದ್ದರೆ ಹೊಟ್ಟೆ ಪೂರ್ತಿ ತೆರವಾಗುವ ತನಕ ಉಪವಾಸಕ್ಕೆ ಹಟ ಹಿಡಿಯಬೇಡಿ. ರೋಗಿಯು ಬಿಟ್ಟ ದಿನಗಳನ್ನು ಮುಂದೆ ತುಂಬಿಕೊಳ್ಳುವ ರಿಯಾಯಿತಿ ಕುರ್‌ಆನ್‌ನಲ್ಲೇ ಇದೆ.

ಇನ್ನೊಂದು ಸಂಕೋಚದ ಮಾತು. ದಾದಿಯೋ ನಾನಿಯೋ ಸಂಡಾಸಿನ ವಿಷಯವನ್ನು ಮಗನ ಎದುರು ಬಾಯಿ ಬಿಡುವುದಿಲ್ಲ. ಸೊಸೆಯೋ ಮೊಮ್ಮಗಳೋ ಕೇಳಲಿ. ಎರಡು ದಿನವಾದರೂ ಮಲ ಹೋಗಿಲ್ಲವೆಂದರೆ ಆಸ್ಪತ್ರೆಗೆ ತಿಳಿಸಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಔಡಲೆಣ್ಣೆ, ಇಸಬ್ಗೋಲ್ ಎಂದು ಮನೆಮದ್ದು ಮಾಡುತ್ತ ಕೂರಬೇಡಿ; ಮುಚ್ಚಿದ ಕರುಳಿಗೆ ಅದರಿಂದ ಕೇಡೇ ಹೆಚ್ಚು. ಅದೇ ಗಳಿಗೆಯಲ್ಲಿ ಹೊರಡಿ.

ಎಲ್ಲಕ್ಕಿಂತ ಭಯಾನಕವಾದದ್ದು, ಆದರೆ ತೀರಾ ವಿರಳವಾದದ್ದು ಕರುಳು ತೂತಾಗುವುದು. ಬೇರಿಯಂ ಮಲದೊಡನೆ ಹೊಟ್ಟೆಯೊಳಗೆ ಸೋರಿದರೆ ಪ್ರಾಣಕ್ಕೇ ಕುತ್ತು. ತುರ್ತು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕರುಳು ತೂತಾಗಿರುವ ಅನುಮಾನ ಮೊದಲೇ ಇದ್ದರೆ ಬೇರಿಯಂ ಬಿಟ್ಟು ನೀರಿನಲ್ಲಿ ಕರಗುವ ಅಯೋಡಿನ್ ದ್ರವವನ್ನು ಬಳಸುವುದು ಇದಕ್ಕಾಗಿಯೇ. ಇತ್ತೀಚೆಗೆ ಕರುಳಿನ ತುಣುಕು ತೆಗೆದು ಪರೀಕ್ಷಿಸಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ.

ಅಪೆಂಡಿಕ್ಸ್‌ನಲ್ಲಿ ಒಂದಿಷ್ಟು ಬೇರಿಯಂ ವಾರಗಟ್ಟಲೆ ಉಳಿಯುವುದುಂಟು. ಸಾಮಾನ್ಯವಾಗಿ ಏನೂ ಆಗದು. ಅಪರೂಪಕ್ಕೆ ತಿಂಗಳ ಮೇಲೂ ಅಲ್ಲಿ ಊತ ಬರುತ್ತದೆ. ಬಲಗಡೆ ಕೆಳಹೊಟ್ಟೆ ನೋಯತೊಡಗಿದರೆ ಹಳೆಯ ಎಕ್ಸ್‌ರೇ ಫಿಲ್ಮನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ.