ತುಂಗಭದ್ರೆಯ ದಂಡೆಯಲ್ಲಿ ಛಳಿಗಾಲದ ಗಾಳ

ಮದ್ದಿಕೇರ ಎಂಬ ಊರಿನ ಹೆಸರು ನಮ್ಮ ಜಿಲ್ಲೆಯ ಓದುಗರಿಗೆ ಅಷ್ಟು ಪರಿಚಿತವಲ್ಲ. ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯಲ್ಲಿ, ಗುಂತಕಲ್ಲಿಗೆ ಸಮೀಪದ ಊರು ಅದು. ದಸರೆಯ ಕುದುರೆ ಓಟಕ್ಕೆ ಆ ಕಡೆ ಹೆಸರಾಗಿದೆ. ಮೊದಲ ಮಳೆ ಬಿದ್ದೊಡನೆ ಅಲ್ಲಿಯ ಹಾಗೂ ನೆರೆಯ ತುಗ್ಗಲಿ, ಜೊನ್ನಗಿರಿಯ ಹೊಲಗಳಲ್ಲಿ ಜನ ನೆಲ ನೋಡುತ್ತ ವಜ್ರ ಹುಡುಕುವುದುಂಟು. ದೊಡ್ಡ ಹೊಳೆ ಮಾತ್ರ ಹತ್ತಿರದಲ್ಲಿಲ್ಲ. ಮೀನು ಹಿಡಿಯುವ ಆಸೆಯಾದರೆ ಗುಂತಕಲ್ಲಿಗೆ ಬಂದು, ರಾಯಚೂರಿನ ರೈಲು ಹತ್ತಿ, ಆದೋನಿ, ಕೋಸಿಗಿ ದಾಟಿ ತುಂಗಭದ್ರೆಯ ದಂಡೆಗೇ ಹೋಗಬೇಕು.

ಆದೋನಿ ತಾಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಂದು ಆಂಧ್ರಕ್ಕೆ ಸೇರಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂಬ ಬದುಕು ಅಲ್ಲಿಯ ಅನೇಕ ಕುಟುಂಬಗಳದು. ನಮಗದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನೊಡನೆ ಟಿ.ಸಿ.ಎಚ್. ಓದಿದ ಗೆಳೆಯರೊಬ್ಬರು ಮದ್ದಿಕೇರದಲ್ಲಿ ನೆಲೆಸಿದ್ದಾರೆ. ಪುಷ್ಯಮಾಸದ ಒಂದು ರಜಾದಿನ ಅವರು, ಅವರ ಇಬ್ಬರು ಸ್ನೇಹಿತರು ಮತ್ತು ನಾನು ಮಂತ್ರಾಲಯದ ಸ್ನಾನಘಟ್ಟಗಳಿಂದ ದೂರ, ಕೆಳಗಿನ ಮಡುವೊಂದರ ಬಳಿ ಕುಳಿತೆವು. ಎದುರು ದಂಡೆ ಕರ್ನಾಟಕ. ಹೊಳೆ ಬಹಳ ಕಡೆ ಬರೀ ಬಂಡೆ, ಮರಳು; ನಡುನಡುವೆ ಮಡುಗಳು. ಮೇಲೆ ಹೊಸಪೇಟೆಯ ಅಣೆಕಟ್ಟು, ಅದರಿಂದೀಚೆಗೆ ರಾಜೋಳಿಬಂಡೆಯ ಒಡ್ಡು, ಕೆಳಗೆ ಸುಂಕೇಶುಲ. ಛಳಿಗಾಲದಲ್ಲಿ ಅಲ್ಲಿ ನೀರೆಂದರೆ ಮೇಲಿನವರು ಬಿಟ್ಟಷ್ಟೇ.

ಗಾಳಕ್ಕೆ ಎರೆಹುಳು ಮತ್ತು ಜೋಳದ ಹಿಟ್ಟಿನ ಉಂಡೆ. ಬೆಂಡು ಜೋಳದ ದಂಟಿನದೇ. ಬೆಳಗಿನ ಎರಡು ತಾಸು ಬೆಂಡು ಅಲುಗಲಿಲ್ಲ. ಮೀನಿನ ಮೈಬಿಸಿ ನೀರಿನ ಬಿಸಿಯನ್ನೇ ಅನುಸರಿಸುತ್ತದೆ. ನೀರು ತಣ್ಣಗಿದ್ದರೆ ಅದಕ್ಕೆ ಹಸಿವೂ ಕಡಿಮೆ, ಓಡಾಟವೂ ಕಡಿಮೆ. ಬಿಸಿಲೇರಿದ ಮೇಲೆ ಒಂದು ರೋಹು, ನಾಲ್ಕು ಜಿಲೇಬಿ ಸಿಕ್ಕವು. ಇವೆರಡೂ ಈ ಹೊಳೆಯ ಮೂಲನಿವಾಸಿಗಳಲ್ಲ. ರೋಹು ಗಂಗೆಯ ಕಡೆಯದು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಇಂಥ ಗೆಂಡೆಮೀನುಗಳ ಮರಿ ಮಾಡಿಸಿ ತೋರಿಸಿದ ಮೇಲೆ ದೇಶದ ಕೆರೆಕಟ್ಟೆಗಳಿಗೆಲ್ಲ ಹರಡಿತು. ಜಿಲೇಬಿ ಆಫ್ರಿಕಾದ ತಿಲಾಪಿಯ. 1952ರಲ್ಲಿ ನಮ್ಮ ದೇಶಕ್ಕೆ ಬಂದದ್ದು.

ಮಧ್ಯಾಹ್ನದ ಹೊತ್ತಿಗೆ ಗೆಳೆಯರ ಗಾಳಕ್ಕೆ ಮೊಳದುದ್ದದ ಬಾಳೆಮೀನು ಬಿತ್ತು. ಇದು ಹೊಳೆಯ ಸ್ವಂತ ಮೀನು. ಆಳೆತ್ತರಕ್ಕೂ ಬೆಳೆಯಬಲ್ಲ ಜಾತಿ. ಈಗ ಅಪಾಯದಲ್ಲಿರುವ ಮೀನುಗಳ ಪಟ್ಟಿಗೆ ಸೇರಿದೆ. ಇನ್ನೂ ಎಳೆಯದೆಂದು ಅವರು ಗಾಳ ಬಿಡಿಸಿ ನೀರಿಗೆ ಬಿಟ್ಟರು. ಹರಿಗೋಲಿನಲ್ಲಿ ಬಲೆ ಎತ್ತುತ್ತಿದ್ದ ಬೆಸ್ತರೊಬ್ಬರು ನಕ್ಕು, "ಆಟಕ್ಕೆ ಹಿಡಿಯೋರು ಬಿಡಬಹುದು ಮೇಷ್ಟ್ರೇ, ಹೊಟ್ಟೆಗೆ ಹಿಡಿಯೋನು ಹೆಂಗ ಬಿಡಲಿ?" ಎಂದರು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಅವರೇ ಮುಂದುವರಿದು, ಹೊಸನೀರು ಬಂದಾಗ ಬಸುರಿ ಮೀನನ್ನು ಬಾಚದಿದ್ದರೆ ಸಾಕು, ಛಳಿಗಾಲಕ್ಕೆ ತನಗೂ ಉಂಟು, ನಿಮಗೂ ಉಂಟು ಎಂದರು. ಸೊಳ್ಳೆಪರದೆಯಂಥ ಬಲೆ ಹಾಕುವವರ ಮೇಲೆ ಅವರಿಗೆ ಬಹಳ ಸಿಟ್ಟು.

ಈ ಮಾತಿಗೆ ದೂರದ ಉದಾಹರಣೆಯೊಂದಿದೆ. ಅಮೆರಿಕಾದ ಪಶ್ಚಿಮ ಕರಾವಳಿಯ ಹೊಳೆಗಳಲ್ಲಿ ಸ್ಟೀಲ್‌ಹೆಡ್ ಎಂಬ ಮೀನುಂಟು. ಬ್ರಿಟಿಷರ ಕಾಲದಲ್ಲಿ ನೀಲಗಿರಿಯ ತೊರೆಗಳಿಗೆ ತಂದುಬಿಟ್ಟ ರೈನ್‌ಬೋ ಟ್ರೌಟ್‌ನ ಜಾತಿಯೇ ಇದು. ಆದರೆ ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹೊಳೆಯೇರುತ್ತದೆ. ಛಳಿಗಾಲದಲ್ಲಿ ಗೆಳೆಯರ ಗುಂಪುಗಳು ಕೊರೆಯುವ ನೀರಿನಲ್ಲಿ ಸೊಂಟದವರೆಗೆ ನಿಂತು ಅದಕ್ಕೆ ಗಾಳ ಹಾಕುತ್ತವೆ. ಅಲ್ಲಿಯ ಅನೇಕ ಹೊಳೆಗಳಲ್ಲಿ, ಸಾಕಣೆ ಕೇಂದ್ರದಿಂದ ಬಿಟ್ಟ ಮೀನನ್ನು ಮಾತ್ರ ಒಯ್ಯಬಹುದು. ಬೆನ್ನಿನ ಹಿಂಬದಿಯ ಪುಟ್ಟ ರೆಕ್ಕೆಯನ್ನು ಕತ್ತರಿಸಿರುವುದೇ ಅದರ ಗುರುತು. ಹೊಳೆಯಲ್ಲೇ ಹುಟ್ಟಿದ್ದನ್ನು ಮರಳಿ ನೀರಿಗೆ ಬಿಡಬೇಕು.

ನಮ್ಮ ನಾಡಿನಲ್ಲಿ ಅನೇಕ ಮೀನುಗಳು ಮೊಟ್ಟೆಯಿಡಲು ಏರುವುದು ಮುಂಗಾರಿನ ಮೊದಲ ನೆರೆಗೆ. ಪಯಸ್ವಿನಿ, ಶಿರಿಯ ಹೊಳೆಗಳ ಬದಿಯವರಿಗೆ ಇದು ಗೊತ್ತು. ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಮೀನು ನುಗ್ಗುತ್ತದೆ. ಮಲೆನಾಡಿಗರು ಹತ್ತುಮೀನು ಎನ್ನುತ್ತಾರೆ, ಮಲಯಾಳಿಗಳು ಊತ್ತ ಎನ್ನುತ್ತಾರೆ. ಕತ್ತಿ, ದೊಂದಿ, ಕೂಳಿ ಹಿಡಿದು ಹೊರಡುವುದು ನಮ್ಮ ಹಿರಿಯರಿಗೆ ಹಬ್ಬವೇ ಆಗಿತ್ತು. ಆಗ ತೋಡು ತುಂಬ ಮೀನಿತ್ತು, ಹಿಡಿಯುವವರು ಕಡಿಮೆಯಿದ್ದರು. ಈಗ ಗದ್ದೆ ತೋಟವಾಗಿದೆ, ತೋಡಿಗೆ ಕಾಂಕ್ರೀಟು ಬಿದ್ದಿದೆ. ಏರಿ ಬರುವ ನಾಲ್ಕು ಮೀನೂ ಮೊಟ್ಟೆಯೊಡನೆ ಸಾರಿಗೆ ಬೀಳುತ್ತವೆ. 2010ರ ಕೇರಳದ ಒಳನಾಡು ಮೀನುಗಾರಿಕಾ ಕಾಯ್ದೆಯಂತೆ ಇದು ಅಪರಾಧ. ಆದರೆ ರಾತ್ರಿ ಸುರಿಯುವ ಮಳೆಯಲ್ಲಿ ತೋಡಿನ ಬದಿಗೆ ಬಂದು ಕಾಯುವವರಾರು?

ಮನೆಯ ಹಿರಿಯರು ಹೇಳಿದರೆ ಮಕ್ಕಳು ಕೇಳಿಯಾರು. ಜೂನ್ ತಿಂಗಳ ಮೊದಲ ಮಳೆಗೆ ದೊಂದಿಯನ್ನು ಮೂಲೆಯಲ್ಲೇ ಇಟ್ಟು, ಮೀನು ಏರುವುದನ್ನು ಮಕ್ಕಳಿಗೆ ತೋರಿಸಿ. ಅದು ಏಕೆ ಏರುತ್ತದೆಂದು ಕನ್ನಡದಲ್ಲೇ ತಿಳಿಸಿ. ಧನುರ್ಮಾಸದ ಬಿಸಿಲಿನಲ್ಲಿ ಗಾಳ ಕಟ್ಟಿಕೊಡಲು ಬೇಕಾದಷ್ಟು ಸಮಯವಿದೆ.