ಹುಣಸೆ ಬೀಜದ ತಾಳ: 19 ಮತ್ತು 41 ಯಾಕೆ ಅಷ್ಟು ಸತಾಯಿಸಿದವು?

ನಂಜನಗೂಡು ತಾಲ್ಲೂಕಿನ ಬಿಳಿಗೆರೆಯಿಂದ ಮಾತಾಡ್ತಿದ್ದೀನಿ. ಇವತ್ತು ಚೌಕ ಗೆರೆಯ ಲೆಕ್ಕದ ಪುಸ್ತಕ, ಒಂದು ಹಿಡಿ ಹುಣಸೆ ಬೀಜ ಇಟ್ಕೊಂಡು ಕೇಳಿ.

ಗಣಿತಜ್ಞ ಜಾನ್ ಕಾನ್ವೇ ರೂಪಿಸಿದ ‘ಗೇಮ್ ಆಫ್ ಲೈಫ್’ ಜಗತ್ತಿಗೆ ಗೊತ್ತಾಗಿದ್ದು 1970ರಲ್ಲಿ. ಇಂಥವಕ್ಕೆ ಸೆಲ್ಯುಲರ್ ಆಟೋಮ್ಯಾಟಾ ಅಂತಾರೆ. ಚೌಕಾಬಾರದ ಹಾಗೆ ಇಲ್ಲೂ ಒಂದೊಂದು ಚೌಕ ಒಂದೊಂದು ಮನೆ. ಪ್ರತಿ ಮನೆಗೂ ಸುತ್ತ ಎಂಟು ನೆರೆಮನೆ. ನಿಯಮ ಎರಡೇ. ಬೀಜ ಇರೋ ಮನೆಯ ನೆರೆಯಲ್ಲಿ ಎರಡು ಅಥವಾ ಮೂರು ಬೀಜ ಇದ್ದರೆ ಅದು ಉಳಿಯುತ್ತೆ, ಇಲ್ಲದಿದ್ದರೆ ಹೋಗುತ್ತೆ. ಖಾಲಿ ಮನೆಯ ನೆರೆಯಲ್ಲಿ ಸರಿಯಾಗಿ ಮೂರು ಇದ್ದರೆ ಅಲ್ಲಿ ಹೊಸ ಬೀಜ. ಎಲ್ಲ ಮನೆಗೂ ಒಟ್ಟಿಗೇ ಲೆಕ್ಕ ಹಾಕಬೇಕು.

ಈಗ ಮೂರು ಬೀಜ ಅಡ್ಡ ಸಾಲಿಗಿಡಿ. ತುದಿಯವಕ್ಕೆ ಒಂದೊಂದೇ ನೆರೆ, ಹೋದವು. ನಡುವಿನದು ಉಳಿಯಿತು. ಅದರ ಮೇಲೆ, ಕೆಳಗೆ ಹೊಸದು ಹುಟ್ಟಿದವು. ಅಡ್ಡ ಸಾಲು ಉದ್ದ ಸಾಲಾಯ್ತು! ಮುಂದಿನ ಹೆಜ್ಜೆಗೆ ಮತ್ತೆ ಅಡ್ಡ. ಹೀಗೆ ಮೊದಲಿನ ರೂಪಕ್ಕೆ ಮರಳೋದೇ ಆಸಿಲೇಟರ್. ಇದರ ಹೆಸರು ಬ್ಲಿಂಕರ್, ಎರಡು ಹೆಜ್ಜೆಯ ತಾಳ. ಪಲ್ಸರ್‌ಗೆ ಮೂರು, ಪೆಂಟಾಡೆಕಾಥ್ಲಾನ್‌ಗೆ 15.

ಹಾಗಾದ್ರೆ ಎಲ್ಲ ಸಂಖ್ಯೆಗೂ ತಾಳ ಇದೆಯಾ?

ನಾನು ಬಿ.ಕಾಂ. ಓದಿದವನು, ನನಗೆ ಮೊದಲು ಹೊಳೆದಿದ್ದು ಲ.ಸಾ.ಅ. ಎರಡರದ್ದು, ಮೂರರದ್ದು ಪಕ್ಕಪಕ್ಕ ಇಟ್ಟರೆ ಒಟ್ಟು ಚಿತ್ರ ಆರಕ್ಕೆ ಮರಳುತ್ತೆ. ಆದರೆ ಅದು ಬರೀ ಜೋಡಣೆ, ಆರರ ತಾಳದಲ್ಲೇ ಮಿಡಿಯೋ ಮನೆ ಅಲ್ಲಿ ಒಂದೂ ಇಲ್ಲ. 19, 41ರಂಥ ಅವಿಭಾಜ್ಯ ಸಂಖ್ಯೆಗೆ ಆ ಉಪಾಯವೂ ನಡೆಯಲ್ಲ.

ಮಜಾ ಏನಂದ್ರೆ, ದೊಡ್ಡ ಸಂಖ್ಯೆಗಳೇ ಸುಲಭ. 1996ರಲ್ಲಿ ಡೇವಿಡ್ ಬಕಿಂಗ್‌ಹ್ಯಾಮ್ 61 ಮತ್ತು ಅದಕ್ಕಿಂತ ದೊಡ್ಡ ಎಲ್ಲ ಸಂಖ್ಯೆಗೂ ದಾರಿ ತೋರಿಸಿದ್ರು. ಒಂದು ಆಕೃತಿಯನ್ನು ಸುತ್ತುದಾರಿಯಲ್ಲಿ ಓಡಿಸೋದು. ಬಸ್ಸಿನ ರೂಟ್ ಥರಾನೇ, ದಾರಿ ಉದ್ದ ಆದಷ್ಟೂ ವಾಪಸ್ ಬರೋ ಹೊತ್ತೂ ಉದ್ದ. ದಾರಿ ತೀರಾ ಗಿಡ್ಡ ಆದ್ರೆ ತಿರುಗೋಕೆ ಜಾಗ ಇಲ್ಲ, ಡಿಕ್ಕಿ! ಹಾಗಾಗಿ ಸಣ್ಣ ಸಂಖ್ಯೆಗಳನ್ನು ಒಂದೊಂದಾಗಿ ಹುಡುಕಬೇಕಾಯ್ತು.

ಕೊನೆಗೆ ಉಳಿದದ್ದು 19 ಮತ್ತು 41. ಕಾನ್ವೇ 2020ರಲ್ಲಿ ಕೋವಿಡ್‌ನಿಂದ ತೀರಿಕೊಂಡರು. 2023ರಲ್ಲಿ ಎರಡೂ ಸಿಕ್ಕವು. ಈಗ ಖಚಿತ: ಈ ಆಟದಲ್ಲಿ ಎಲ್ಲ ಸಂಖ್ಯೆಗೂ ತಾಳ ಇದೆ.

ನಿಯಮ ಎರಡೇ ಸಾಲಿನದು, ಉತ್ತರ ಪೂರ್ತಿಯಾಗೋಕೆ ಅರ್ಧ ಶತಮಾನ. ನಿಯಮ ಗೊತ್ತಿದ್ರೆ ಎಲ್ಲಾ ಗೊತ್ತಿದೆ ಅಂತ ಯಾರಾದ್ರೂ ಹೇಳಿದ್ರೆ, ಮೂರು ಹುಣಸೆ ಬೀಜ ಕೈಗಿಡಿ. ಮೊಬೈಲಲ್ಲೇ ಆಡೋರಿಗೆ ‘ಗಾಲಿ’ ಅನ್ನೋ ಉಚಿತ ಆ್ಯಪ್ ಇದೆ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.